ಓರೆ ತಲೆಯನ್ನು ನೇರ ಮಾಡುವ ಮುನಿಲಕ್ಷ್ಮಿ

ಚಿಕ್ಕಬಳ್ಳಾಪುರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸ್ಕಂದಗಿರಿ ಹತ್ತಲು ಬಂದ ಹುಡುಗರು ಟೀ ಅಂಗಡಿ ಮುಂದೆ ಕೈ ಉಜ್ಜಿಕೊಳ್ಳುತ್ತಿದ್ದಾರೆ. ಜಂಗಮಕೋಟೆಯಿಂದ ಮೊದಲ ಬಸ್ಸಿಗೇ ಬಂದ ಮುನಿಲಕ್ಷ್ಮಿ ಮಾತ್ರ ಸ್ಕ್ಯಾನಿಂಗ್ ಸೆಂಟರ್‌ನ ಒಳಕೋಣೆಯಲ್ಲಿ ಆಗಲೇ ಕಂಪ್ಯೂಟರ್ ಮುಂದೆ ಕೂತಾಗಿದೆ. ಅವರ ಕೆಲಸ ನೋಡಲು ಬಂದ ನಾನು ಪಕ್ಕದಲ್ಲಿ ಕೂತಿದ್ದೇನೆ. ಪರದೆಯ ಮೇಲೆ ಒಂದೇ ಮಿದುಳಿನ ಎರಡು ಚಿತ್ರ. ಆರು ತಿಂಗಳ ಹಿಂದಿನದು ಕೆಂಪು, ನಿನ್ನೆಯದು ಹಸಿರು. ಒಂದರ ಮೇಲೊಂದು ಸರಿಯಾಗಿ ಕೂತರೆ ಎರಡೂ ಸೇರಿ ಹಳದಿಯಾಗಬೇಕು. ಸದ್ಯಕ್ಕೆ ಎಲ್ಲ ಕಡೆ ಕೆಂಪು, ಹಸಿರು ಅಂಚುಗಳೇ ಇಣುಕುತ್ತಿವೆ.

ಆ ಮಿದುಳಿನ ಯಜಮಾನರು ಪೆರೇಸಂದ್ರದ ರೈತ ವೆಂಕಟರವಣಪ್ಪ. ಹೊರಗಿನ ಬೆಂಚಿನ ಮೇಲೆ ಟವೆಲ್ ಹೊದ್ದು ಕೂತಿದ್ದಾರೆ. ಅವರ ತಲೆಯೊಳಗಿನ ಸಣ್ಣ ಗಡ್ಡೆ ನಿನ್ನೆಯ ಚಿತ್ರದಲ್ಲಿ ದೊಡ್ಡದಾಗಿ ಕಾಣುತ್ತಿದೆ. ನಿಜಕ್ಕೂ ಬೆಳೆದಿದ್ದರೆ ತಲೆ ತೆರೆದು ಆಪರೇಷನ್ ಮಾಡಬೇಕು. ಡಾಕ್ಟರ್ ಶಿರೀಷಾ ಅದನ್ನು ಇವತ್ತೇ ತೀರ್ಮಾನಿಸಲಿದ್ದಾರೆ. ಅದಕ್ಕೆ ಮೊದಲು ಎರಡೂ ಚಿತ್ರ ಹೊಂದಬೇಕು, ಹೊಂದಿಸುವ ಕೆಲಸ ಮುನಿಲಕ್ಷ್ಮಿಯದು. ವರದಿಯಲ್ಲಿ ಎಲ್ಲೂ ಅವರ ಹೆಸರು ಬರುವುದಿಲ್ಲ.

ಈ ಕೆಲಸದ ಕೀಲಿಕೈ ಹದಿನಾರು ಅಂಕಿಗಳ ಒಂದು ಚೌಕ. ಓದುವ ಕಾಲದಲ್ಲಿ ನಮ್ಮನ್ನು ಗೋಳು ಹೊಯ್ದುಕೊಂಡ ಅದೇ ಮ್ಯಾಟ್ರಿಕ್ಸ್! ಮೇಲೆ ಎಡಗಡೆ ಇರುವ ಒಂಬತ್ತು ಅಂಕಿಗಳು ತಲೆ ಎಷ್ಟು ತಿರುಗಿದೆ ಎನ್ನುತ್ತವೆ, ಬಲಗಡೆಯ ಮೂರು ಎಷ್ಟು ಜರುಗಿದೆ ಎನ್ನುತ್ತವೆ. ಕೆಳಗಿನ ಸಾಲು ಲೆಕ್ಕ ಸರಿಹೋಗಲಿ ಎಂದು ನಿಂತಿರುತ್ತದೆ, ಅಷ್ಟೆ.

ಕಾಲೇಜಿನಲ್ಲಿ ಇದನ್ನೆಲ್ಲ ಉರು ಹೊಡೆದು ಪಾಸಾದೆ ಎಂದು ಮುನಿಲಕ್ಷ್ಮಿ ನಗುತ್ತಾರೆ. ಅರ್ಥವಾದದ್ದು ಮನೆಯಂಗಳದಲ್ಲಿ. ತಾಯಿ ಲಕ್ಷ್ಮೀನರಸಮ್ಮ ರೇಷ್ಮೆ ಸಾಕುತ್ತಾರೆ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನು ತಾಯಿ ಒಂದು ತುದಿ, ಮಗಳು ಒಂದು ತುದಿ ಹಿಡಿದು ಸಾಗಿಸಬೇಕು.

"ಮೊದ್ಲು ತಿರುಗಿ ಆಮೇಲೆ ನಾಲ್ಕು ಹೆಜ್ಜೆ ಹೋದ್ರೆ ನೀರಿನ ತೊಟ್ಟಿ ಹತ್ರ ಇರ್ತೀವಿ. ಮೊದ್ಲು ಹೆಜ್ಜೆ ಹಾಕಿ ಆಮೇಲೆ ತಿರುಗಿದ್ರೆ ಕೊಟ್ಟಿಗೆ ಹತ್ರ. ಮ್ಯಾಟ್ರಿಕ್ಸ್ ಗುಣಿಸೋವಾಗ ಹಿಂದುಮುಂದು ಮಾಡಬಾರ್ದು ಅಂತ ಮೇಷ್ಟ್ರು ಬಡ್ಕೊಂಡಿದ್ದು ಇದನ್ನೇ ಕಣಮ್ಮ ಅಂತ ಅಲ್ಲೇ ಕೂಗ್ಬಿಟ್ಟೆ. ನಮ್ಮಮ್ಮ, ಮೊದ್ಲು ಚಂದ್ರಿಕೆ ಇಳಿಸು ಅಂದ್ರು."

ಬಿಟ್ಟರೆ ಸಾಫ್ಟ್‌ವೇರ್ ಚಿತ್ರವನ್ನು ಎಳೆದು, ಹಿಗ್ಗಿಸಿ ಹೇಗೋ ಹೊಂದಿಸಿಬಿಡುತ್ತದೆ. ಇವರು ಬಿಡುವುದಿಲ್ಲ. ದೊಡ್ಡವರ ತಲೆಬುರುಡೆ ಆರು ತಿಂಗಳಲ್ಲಿ ಹಿಗ್ಗುವುದಿಲ್ಲವಲ್ಲ. ತಿರುಗಿಸಬಹುದು, ಜರುಗಿಸಬಹುದು, ಎಳೆದರೆ ಗಡ್ಡೆಯ ಅಳತೆಯೂ ಸುಳ್ಳಾಗುತ್ತದೆ.

ಲೆಕ್ಕ ಮುಗಿದು ಅಂಕಿಗಳು ಮೂಡುತ್ತವೆ. ಮುನಿಲಕ್ಷ್ಮಿ ಹುಬ್ಬು ಗಂಟಿಕ್ಕುತ್ತಾರೆ. ನಿನ್ನೆ ತಲೆ ಒಂದು ಪಕ್ಕಕ್ಕೆ ಚೆನ್ನಾಗಿಯೇ ವಾಲಿದೆ! ಸರಸರನೆ ಹೊರಗೆ ಹೋಗಿ ವೆಂಕಟರವಣಪ್ಪನವರನ್ನು ವಿಚಾರಿಸುತ್ತಾರೆ. ಕತ್ತು ನೋವು ಎಂದು ಮೊದಲು ಸಬೂಬು ಹೇಳಿದವರು ಆಮೇಲೆ ಬಾಯಿ ಬಿಡುತ್ತಾರೆ. ಹಿಂದಿನ ಸಲ ಫಿಟ್ಸ್ ಬಂದು ಪ್ರಜ್ಞೆ ಇರಲಿಲ್ಲ, ದಿಕ್ಕು ಗೊತ್ತಾಗಲಿಲ್ಲ. ಈ ಸಲ ಗೊತ್ತಾಗಿದೆ.

"ಉತ್ತರಕ್ಕೆ ತಲೆ ಹಾಕಿ ಯಾರಾದ್ರೂ ಮಲಗ್ತಾರೇನಮ್ಮ? ಅದಕ್ಕೇ ಸ್ವಲ್ಪ ವಾರೆ ಮಾಡ್ಕೊಂಡೆ."

ಸೌತೆಕಾಯಿಯನ್ನು ಓರೆಯಾಗಿ ಹೆಚ್ಚಿದರೆ ಬಿಲ್ಲೆ ಉದ್ದವಾಗಿ ಕಾಣುತ್ತದೆ. ಸ್ಕ್ಯಾನ್ ಕೂಡ ತಲೆಯನ್ನು ಬಿಲ್ಲೆಬಿಲ್ಲೆಯಾಗಿಯೇ ತೋರಿಸುವುದು. ಗಡ್ಡೆಯ ಕಥೆಯೂ ಅದೇ ಇರಬಹುದೇ? ಮುನಿಲಕ್ಷ್ಮಿ ಹೆಚ್ಚುಕಮ್ಮಿ ಓಡಿಬಂದು ಗುಂಡಿ ಒತ್ತುತ್ತಾರೆ. ಹಸಿರು ತಲೆ ನೆಟ್ಟಗಾಗುತ್ತದೆ. ಹಣೆಯ ಅಂಚು ಹಳದಿ, ಕಿವಿಯ ಹತ್ತಿರ ಹಳದಿ. ನನ್ನ ಕಣ್ಣೆಲ್ಲ ಗಡ್ಡೆಯ ಮೇಲೆ. ಅದೂ ಹಳದಿ! ಸುತ್ತ ಹಸಿರಿನ ಒಂದು ಎಳೆಯೂ ಇಲ್ಲ. ಪರೀಕ್ಷೆ ಪಾಸಾದಾಗಲೂ ನನಗೆ ಇಷ್ಟು ಖುಷಿಯಾಗಿರಲಿಲ್ಲ.

ಡಾಕ್ಟರ್ ಶಿರೀಷಾ ಬಂದು ಒಂದೊಂದೇ ಚಿತ್ರ ನೋಡಿ, ತಾವೂ ಅಳೆದು, ಗಡ್ಡೆ ಬೆಳೆದಿಲ್ಲ, ಆಪರೇಷನ್ ಬೇಡ, ಮಾತ್ರೆ ಮುಂದುವರಿಸೋಣ ಎನ್ನುತ್ತಾರೆ. ವೆಂಕಟರವಣಪ್ಪ ಟವೆಲ್‌ನಲ್ಲಿ ಮುಖ ಒರೆಸಿಕೊಂಡು ಏಳುತ್ತಾರೆ. ಹೊರಟವರು ಬಾಗಿಲಲ್ಲಿ ತಿರುಗಿ ನಿಂತು, ಮುಂದಿನ ಸಲಕ್ಕಾದರೂ ಆ ಮಿಷನ್ನನ್ನು ಪೂರ್ವಕ್ಕೆ ತಿರುಗಿಸಿಡಿ ಎಂದು ಕೇಳಿಕೊಳ್ಳುತ್ತಾರೆ.

"ಮಿಷನ್ ತಿರುಗ್ಸೋಕಾಗಲ್ಲ ತಾತ," ಎನ್ನುತ್ತಾರೆ ಮುನಿಲಕ್ಷ್ಮಿ. "ನೀವು ಹೆಂಗೆ ಬೇಕೋ ಹಂಗೆ ಮಲ್ಕೊಳ್ಳಿ. ಚಿತ್ರ ನಾನು ತಿರುಗಿಸ್ಕೋತೀನಿ."