ಜಟ್ಟೆಪ್ಪನ ಗೇಟು, ಮೀನಿನ ಮೆಟ್ಟಿಲು

ಮೇಡ್ಲೇರಿ ಹತ್ತಿರ ಹೊಳೆಗೆ ಕಟ್ಟಿದ ಒಡ್ಡಿನ ಗೇಟು ಎತ್ತುವುದು ಜಟ್ಟೆಪ್ಪನ ಕೆಲಸ. ಹಾಗಂತ ಸರಕಾರದ ಕಾಗದದಲ್ಲಿದೆ. ಅವನ ನಿಜವಾದ ಕಸುಬು ಬಲೆ. ನೀರು ಕಡಿಮೆ ಇದ್ದಾಗ ಮೊದಲು ಬಲದಂಡೆಯ ಗೇಟು ಎತ್ತಬೇಕೆಂಬುದು ನಿಯಮ. ಜಟ್ಟೆಪ್ಪ ಇಪ್ಪತ್ತು ವರ್ಷದಿಂದ ಎತ್ತಿದ್ದು ಎಡದಂಡೆಯದನ್ನೇ. ಅವನ ಗುಡಿಸಲು ಅಲ್ಲಿದೆ. ಅಷ್ಟುದ್ದದ ಗೋಡೆ ಮೇಲೆ ಆಚೆ ದಂಡೆಗೆ ಯಾರು ನಡೆಯಬೇಕು? ಮೇಲಾಗಿ, ಮುಂಗಾರಿನಲ್ಲಿ ಮೊಟ್ಟೆ ಇಡಲು ಹೊಳೆಗೆ ಎದುರಾಗಿ ಬರುವ ಮೀನು, ನೀರು ಎಲ್ಲಿ ಭೋರ್ಗರೆಯುತ್ತದೋ ಅಲ್ಲೇ ಮುಗಿಬೀಳುತ್ತದೆ. ಬಲೆಯೂ ಅಲ್ಲೇ ಇರುತ್ತದೆ. ಇಂಥ ಪುಣ್ಯದ ನೌಕರಿ ಯಾರಿಗುಂಟು!

ಹೀಗಿರುವಾಗ, ಒಡ್ಡು ದಾಟಲು ಮೀನಿಗೊಂದು ಮೆಟ್ಟಿಲು ಕಟ್ಟುವ ಯೋಜನೆ ಬಂತು. ಲ್ಯಾಪ್‌ಟಾಪ್ ಹೊತ್ತು ಎಂಜಿನಿಯರ್ ಚನ್ನೇಶ ಬಂದ. ಪರದೆಯ ಮೇಲೆ ಹೊಳೆಯೇ ಹರಿಯುತ್ತಿತ್ತು. ರಭಸದ ನೀರು ಕೆಂಪು, ನಿಂತ ನೀರು ನೀಲಿ.

"ಕೆಂಪು ಎಲ್ಲಿ ಕಾಣತೈತೋ ಅಲ್ಲೇ ಮೆಟ್ಟಿಲಿನ ಬಾಗಲಾ ಇಡಬೇಕು. ಇಲ್ಲಂದ್ರ ಮೀನಿಗೆ ದಾರಿ ಸಿಗಂಗಿಲ್ಲ. ಖರೇ ಹೇಳ್ರಿ ಜಟ್ಟೆಪ್ಪ, ಮೊದಲ ಯಾವ ಗೇಟ್ ಎತ್ತತೀರಿ?"

ಜಟ್ಟೆಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಖರೆ ಹೇಳಿದರೆ ನೌಕರಿಗೆ ಕುತ್ತು. ನೌಕರಿ ಉಳಿದರೂ ಮೀನೆಲ್ಲ ಬಲೆಯ ಪಕ್ಕದಲ್ಲೇ ಮೆಟ್ಟಿಲೇರಿ ಹೋದಾವು.

"ನೇಮದ ಪ್ರಕಾರರೀ ಸಾಹೇಬ್ರ. ಬಲದಂಡಿದು."

ಚನ್ನೇಶ ಎಡದಂಡೆಯ ಒದ್ದೆ ಬಲೆಯ ಪಕ್ಕದಲ್ಲೇ ಕೂತು ಬಲದಂಡೆಯನ್ನು ಕೆಂಪು ಮಾಡಿದ. ಮುಖಕ್ಕೆ ಎಡಗೇಟಿನ ನೀರು ಸಿಡಿಯುತ್ತಿತ್ತು. ಪರದೆ ಒದ್ದೆಯಾಗಬಾರದೆಂದು ಟವೆಲ್ ಅಡ್ಡ ಹಿಡಿದನೇ ಹೊರತು ತಲೆ ಎತ್ತಿ ನೋಡಲಿಲ್ಲ.

ಮೆಟ್ಟಿಲು ಬಲದಂಡೆಗೇ ಎದ್ದಿತು. ಉದ್ಘಾಟನೆಯ ದಿನ ಅದರಲ್ಲಿ ಒಂದು ಕಪ್ಪೆಯೂ ಇರಲಿಲ್ಲ. ಚನ್ನೇಶನಿಗೆ ಅಳು ಬರುವುದೊಂದು ಬಾಕಿ. ಕೊನೆಗೆ ಮಾನ ಕಾಪಾಡಿದವನು ಜಟ್ಟೆಪ್ಪನೇ. ಎಡದಂಡೆಯಲ್ಲಿ ಹಿಡಿದ ಮೀನನ್ನು ಎರಡು ಕೊಡದಲ್ಲಿ ಹೊತ್ತು ತಂದು, ದೊಡ್ಡ ಸಾಹೇಬರು ಬರುವ ಮೊದಲೇ ಮೆಟ್ಟಿಲಿಗೆ ಸುರಿದ. ಚಪ್ಪಾಳೆ ಬಿತ್ತು. ಕಂಪ್ಯೂಟರಿನ ಲೆಕ್ಕ ಕೂದಲೆಳೆಯಷ್ಟೂ ತಪ್ಪಿಲ್ಲವೆಂದು ವರದಿ ಹೋಯಿತು. ಮೀನು ಉಳಿಸಲು ನೆರವಾದ ಜಟ್ಟೆಪ್ಪನಿಗೆ ಶಾಲು ಹೊದಿಸಿದರು.

"ಮೀನ ಹಿಡಿಯಾಂವಗ ಮೀನ ಕಾಯಾಂವ ಅಂತ ಶಾಲ ಹೊಚ್ಯಾರ. ನಾಚಿಕಿ ಬರಲಿಲ್ಲೇನು?" ಎಂದಳು, ಮೀನಿಗೆ ಖಾರ ಅರೆಯುತ್ತಿದ್ದ ಹೆಂಡತಿ ಉಚ್ಚಂಗೆವ್ವ. ಅವನಿಗೆ ಬಂದಿರಲಿಲ್ಲ.

ವರದಿ ಮೆಚ್ಚಿದ ಮೇಲಿನವರು, ಎರಡು ಹರದಾರಿ ಕೆಳಗೆ ಕಟ್ಟಿದ ಹೊಸ ಒಡ್ಡಿಗೂ ಅದೇ ನಕ್ಷೆಯ ಮೆಟ್ಟಿಲನ್ನು ಅದೇ ಬಲದಂಡೆಗೆ ಹಾಕಿಸಿದರು. ಮುಂದಿನ ಮುಂಗಾರಿಗೆ ಜಟ್ಟೆಪ್ಪನ ಬಲೆಗೆ ಬಿದ್ದದ್ದು ಬರೀ ಪಾಚಿ. ಒಂದು ವಾರ ಕಾದ. ದೇವರಗುಡ್ಡಕ್ಕೆ ಹರಕೆ ಹೊತ್ತ. ಕೊನೆಗೆ ದಂಡೆ ಹಿಡಿದು ಕೆಳಗೆ ನಡೆದ.

ಹೊಸ ಒಡ್ಡಿನ ಎಡಗೇಟು ಭೋರೆನ್ನುತ್ತಿತ್ತು. ಕೆಳಗೆ ಬಲೆ, ಬಲೆ ತುಂಬ ಮೀನು, ಪಕ್ಕದಲ್ಲಿ ಹೊಸ ಗುಡಿಸಲು. ಅಲ್ಲಿನ ಗೇಟು ಎತ್ತುವ ಶಮಶೇರಸಾಬ ಬೀಡಿ ಸೇದುತ್ತ ಕೂತಿದ್ದ.

"ನೇಮದ ಪ್ರಕಾರ ಬಲದಂಡಿ ಗೇಟ್ ಎತ್ತಬೇಕಲ್ಲೋ! ಸಾಹೇಬ್ರಿಗೆ ಹೇಳತೇನಿ ನೋಡು!" ಜಟ್ಟೆಪ್ಪ ಕಿರುಚಿದ.

ಶಮಶೇರಸಾಬ ನಕ್ಕು ಚಾಪೆ ಸರಿಸಿದ. "ಬರ್ರಿ ಜಟ್ಟೆಪ್ಪಣ್ಣ, ಕುಂದ್ರಿ. ಅಷ್ಟುದ್ದ ಗ್ವಾಡಿ ಮ್ಯಾಲ ಆ ದಂಡಿಗೆ ಯಾರ ನಡೀಬೇಕ್ರಿ?"

ಹೊರಡುವಾಗ ಎರಡು ಮೀನು ಕೊಟ್ಟ. ಜಟ್ಟೆಪ್ಪ ಬೇಡವೆನ್ನಲಿಲ್ಲ.