ಎಳ್ಳ ಅಮಾವಾಸ್ಯೆಯ ದಿನ, ಮೂರು ಗಂಟೆಗೆ

ಆ ಬೆಳಿಗ್ಗೆ ಬಸ್ಸಿನಿಂದ ಇಳಿದರೆ ಊರಲ್ಲಿ ಜನರೇ ಇರಲಿಲ್ಲ. ಮನೆಮನೆಗೂ ಕೀಲಿ. ನಾವು ಮೈಸೂರಿನಲ್ಲಿ ಬೀಗ ಎನ್ನುವುದಕ್ಕೆ ಇಲ್ಲಿ ಕೀಲಿ ಎನ್ನುತ್ತಾರೆ; ಬಂದು ಎರಡು ತಿಂಗಳಾದರೂ ನನಗದು ರೂಢಿಯಾಗಿರಲಿಲ್ಲ. ವಿಜಯಪುರದ ಗಾಂಧಿ ಚೌಕದ ಹಿಂದೆ ನನ್ನ ಬಾಡಿಗೆ ಕೋಣೆ. ತಿಕೋಟಾದ ಆಚೆ, ಐದನೆಯ ತರಗತಿಯವರೆಗಷ್ಟೇ ಇರುವ ಸರ್ಕಾರಿ ಶಾಲೆಯಲ್ಲಿ ಕೆಲಸ.

ಶಾಲೆಯಲ್ಲಿ ಬಿಸಿಯೂಟದ ಕಾಶವ್ವ ಒಬ್ಬಳೇ ಇದ್ದಳು.

“ಎಳ್ಳಮಾಸಿರಿ ಸರ್. ಎಲ್ಲಾರೂ ಹೊಲಕ್ಕ ಚರಗ ಚೆಲ್ಲಾಕ ಹೋಗ್ಯಾರ. ನಿಮ್ಮ ಕಡಿ ಇಲ್ಲೇನ್ರಿ?”

ಇಲ್ಲ. ನಮ್ಮ ಕಡೆ ಆ ಅಮಾವಾಸ್ಯೆ ಕ್ಯಾಲೆಂಡರಿನ ಒಂದು ಚೌಕ, ಅಷ್ಟೇ. ಇಲ್ಲಿ ಅಂದು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಭೂಮಿಗೆ ಅನ್ನ ಎರಚಿ, ಬೆಳೆಯ ನಡುವೆಯೇ ಕೂತು ಉಣ್ಣುತ್ತದೆ. ಅದೇ ಚರಗ. ಹೆಡ್ ಮಾಸ್ತರರು ರಜೆ ಹಾಕಿದ್ದರು. ನನಗಿದು ಗೊತ್ತಿರಲಿಕ್ಕಿಲ್ಲವೆಂದು ಅವರಿಗೆ ಹೊಳೆದೇ ಇರಲಿಲ್ಲ.

ನಾನೋ, ಬಬಲೇಶ್ವರದ ಕಡೆಯ ಒಂದು ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಐದನೆಯ ತರಗತಿಯ ಮೂವರ ಅರ್ಜಿಗಳನ್ನು ಅಪ್ಪಂದಿರ ಸಹಿಯೊಂದಿಗೆ ಅವತ್ತೇ ತರಲು ಹೇಳಿದ್ದೆ. ಸಂಜೆಗೆ ಗಡುವು. ತಡವಾಗಿ ಹೊಲಕ್ಕೆ ಹೊರಟಿದ್ದ ಇಬ್ಬರು ದಾರಿಯಲ್ಲಿ ಕೊಟ್ಟು ಓಡಿದರು. ಮೂರನೆಯವಳು, ಭೌರವ್ವ, ಬರಲಿಲ್ಲ. ಲೆಕ್ಕದಲ್ಲಿ ನನ್ನನ್ನೇ ತಿದ್ದುತ್ತಿದ್ದ ಹುಡುಗಿ. ನಾನು ನಾಲ್ಕರವರೆಗೆ ಕಾದೆ. ಬೇವಿನ ನೆರಳು ಗೋಡೆ ಹತ್ತುವುದನ್ನು ನೋಡುತ್ತ ಕೂತಿದ್ದೆ. ಆಮೇಲೆ ವಿಜಯಪುರಕ್ಕೆ ಹೋಗಿ, ಕಂಪ್ಯೂಟರ್ ಅಂಗಡಿಯಲ್ಲಿ ಎರಡೇ ಅರ್ಜಿ ಕಳಿಸಿದೆ.

ಹೀಗೆಂದು ನನ್ನ ನೆನಪು.

ಮರುದಿನ ಭೌರವ್ವ ನನಗಾಗಿ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ ತಂದಳು. ಬುತ್ತಿಯ ಮೇಲೆ ಮಡಚಿದ ಅರ್ಜಿ, ಅಪ್ಪನ ಹೆಬ್ಬೆಟ್ಟು, ಒಂದು ಅರಿಸಿನದ ಕಲೆ.

“ನಿನ್ನೆ ಯಾಕೆ ಬರಲಿಲ್ಲ?”

“ಬಂದಿದ್ನಿರಿ ಸರ್. ಹೊಲದಾಗಿಂದ ಓಡಿ ಬಂದ್ನಿ. ಮೂರಕ್ಕ. ಸಾಲಿಗೆ ಕೀಲಿ ಹಾಕಿತ್ರಿ.”

“ಸುಳ್ಳು ಹೇಳಬೇಡ. ನಾನು ನಾಲ್ಕರವರೆಗೆ ಇದ್ದೆ.”

ಒಲೆಯ ಮುಂದಿನಿಂದ ಕಾಶವ್ವ ಎದ್ದು ಬಂದಳು. “ಯಪ್ಪಾ, ಹುಡುಗಿಗ್ಯಾಕ ಅಂತೀರಿ? ಹನ್ನೆರಡರ ಬಸ್ಸಿಗೆ ಹೋದ್ರಲ್ರಿ ನೀವು. ಚಾವಿ ನನ್ನ ಕೈಯಾಗ ಒಗದು, ಈ ಊರಾಗ ಯಾರಿಗೂ ಓದು ಬೇಕಾಗಿಲ್ಲ ಅಂತ ಬೈಕೋತ ಹೋದ್ರಿ!”

ಎಲ್ಲದಕ್ಕೂ ಪುರಾವೆ ಕೇಳುವುದನ್ನು ವಿಶ್ವವಿದ್ಯಾಲಯ ನನಗೆ ಕಲಿಸಿತ್ತು. ಚೀಲದಲ್ಲಿದ್ದ ಅರ್ಜಿ ರಸೀದಿ ತೆಗೆದು ನೋಡಿದೆ. ಕಳಿಸಿದ ಸಮಯ ಮಧ್ಯಾಹ್ನ ಎರಡೂ ಕಾಲು. ಗೋಡೆ ಹತ್ತಿದ ಆ ನೆರಳು ಬೇರೆ ಯಾವುದೋ ದಿನದ್ದು.

ಆ ಪರೀಕ್ಷೆ ಐದನೆಯ ತರಗತಿಯಲ್ಲಿ ಒಂದೇ ಸಲ. ನಾನು ಅವಳ ಅಪ್ಪನ ಮನೆಗೆ ಹೋಗಿ ತಪ್ಪು ಒಪ್ಪಿಕೊಂಡೆ. ಅವರು ಬೈಯಲಿಲ್ಲ. “ಇರಲಿ ಬಿಡ್ರಿ ಸರ್, ನೀವು ಹೊಸಬರು. ಚಾ ಕುಡೀರಿ,” ಎಂದರು. ಬೈದಿದ್ದರೆ ಹಗುರಾಗುತ್ತಿದ್ದೆ.

ಈಗ ಭೌರವ್ವ ಆರನೆಯ ತರಗತಿಗೆ ತಿಕೋಟಾಕ್ಕೆ ಹೋಗುತ್ತಾಳೆ. ಬಸ್ಸು ತಪ್ಪಿದ ದಿನ ಹೋಗುವುದಿಲ್ಲ. ಬಸ್ಸು ಬಹಳ ಸಲ ತಪ್ಪುತ್ತದೆ. ಅದೇ ಬಸ್ಸು ವಿಜಯಪುರದಿಂದ ನನ್ನನ್ನು ತಂದು ಇಳಿಸಿ, ಅವಳನ್ನು ಹತ್ತಿಸಿಕೊಂಡು ತಿರುಗುತ್ತದೆ. ಬಾಗಿಲಲ್ಲಿ ಅವಳು “ನಮಸ್ಕಾರ್ರಿ ಸರ್” ಎನ್ನುವಾಗ ನಾನು ಮೆಟ್ಟಿಲು ನೋಡಿಕೊಂಡು ಇಳಿಯುತ್ತೇನೆ.

ಮೈಸೂರಿಗೆ ಹೋದರೆ ಅಮ್ಮ, “ನಿನ್ನ ಮಾತೇ ಬದಲಾಗಿದೆಯಲ್ಲೋ. ವರ್ಗಾವಣೆಗೆ ಅರ್ಜಿ ಹಾಕಿದೆಯಾ?” ಎನ್ನುತ್ತಾಳೆ. ಹಾಕಿಲ್ಲ. ಆ ಫಾರಂ ಚೀಲದಲ್ಲಿದೆ, ಆ ರಸೀದಿಯ ಪಕ್ಕದಲ್ಲೇ.

ಈ ವರ್ಷ ಮಕ್ಕಳ ಅರ್ಜಿಗಳನ್ನು ವಾರ ಮೊದಲೇ ಕಳಿಸಿದೆ. ಎಳ್ಳ ಅಮಾವಾಸ್ಯೆಗೆ ಭೌರವ್ವನ ಹೊಲಕ್ಕೆ ಕರೆದರು, ಹೋದೆ. ಅವಳ ಅಪ್ಪ ಹೋಳಿಗೆಯ ಮೇಲೆ ತುಪ್ಪ ಸುರಿದು, “ಈಗ ನಮ್ಮವರಾದ್ರಿ ನೋಡ್ರಿ,” ಎಂದು ನಕ್ಕರು. ಎಲ್ಲರೂ ನಕ್ಕರು. ಭೌರವ್ವ ರೊಟ್ಟಿ ಮುರಿಯುತ್ತಿದ್ದಳು.

ಮೂರಕ್ಕೆ ಎದ್ದು, ಕೆಲಸವಿದೆ ಎಂದು ಹೇಳಿ ಬಂದು ಶಾಲೆಯ ಕೀಲಿ ತೆರೆದೆ. ಯಾರೂ ಬರುವವರಿರಲಿಲ್ಲ. ನಾಲ್ಕರವರೆಗೆ ಕೂತೆ. ನೆರಳು ಗೋಡೆ ಹತ್ತಿತು.