ಸತ್ತಿಯ ಹೊಂಡದ ದಂಡೆಯಲ್ಲಿ ಒಂದು ಹನಿ ರಕ್ತ

ಮೀನಿನ ಆರೋಗ್ಯವನ್ನು ಅದರ ರಕ್ತದಲ್ಲಿ ಓದುವ ವಿದ್ಯೆಯನ್ನು ಅಥಣಿ, ಕಾಗವಾಡ, ರಾಯಬಾಗದ ಹೊಂಡಗಳ ದಂಡೆಗೆ ತಂದವರು ಪ್ರಾಧ್ಯಾಪಕಿ ಡಾ. ಸುಗಂಧಾ ಮಗದುಮ್. ಶೇಡಬಾಳದ ಜೈನ ಮನೆತನದ ಹೆಣ್ಣುಮಗಳು ಮೀನು ಹಿಡಿದು ಕುಳಿತಾಗ ಬಂಧುಗಳು ಹುಬ್ಬೇರಿಸಿದ್ದರಂತೆ. ಅವರು ವಾದಕ್ಕಿಳಿಯಲಿಲ್ಲ, ಬಾಲದ ಬುಡದಿಂದ ಸಣ್ಣ ಸೂಜಿಯಲ್ಲಿ ಒಂದೆರಡು ಹನಿ ರಕ್ತ ತೆಗೆದು ಮೀನನ್ನು ಜೀವಂತವಾಗಿ ನೀರಿಗೆ ಬಿಡುವ ಪದ್ಧತಿಯನ್ನು ಕೈಗೆ ಒಗ್ಗಿಸಿಕೊಂಡು, ಮೂವತ್ತೊಂದು ವರ್ಷ ಅದನ್ನೇ ವ್ರತದಂತೆ ನಡೆಸಿದರು. ಮೀಸೆಯ ಮಾಗೂರ ಮೀನಿನ ಕೆಂಪು ಕಣಗಳು ಸೂಕ್ಷ್ಮದರ್ಶಕದಲ್ಲಿ ಮೂಡಿದರೆ ಅವರಿಗೆ ಇಂದಿಗೂ ಹಬ್ಬ. "ಲಗೂನ ಬರ್ರಿ, ನೋಡಬರ್ರಿ!" ಎಂದು ಇಡೀ ವಿಭಾಗವನ್ನೇ ಕೂಗಿ ಕರೆಯುತ್ತಾರೆ.

ಇಂಥವರ ದೊಡ್ಡತನ ತಿಳಿಯಲು ಅವರು ತಪ್ಪಿದ ದಿನವನ್ನೇ ನೆನೆಯಬೇಕು. ನಾಲ್ಕು ವರ್ಷಗಳ ಹಿಂದೆ ಸತ್ತಿ ಊರಿನಲ್ಲಿ ಮೀನು ಸಾಕುವ ತಾರವ್ವನ ಹೊಂಡದಲ್ಲಿ ಮಾಗೂರಗಳು ಮೇಲಿಂದ ಮೇಲೆ ಬಾಯಿ ತೆರೆದು ತೇಲುತ್ತಿವೆ, ರೋಗ ಬಂದಿದೆ ಎಂದು ಗುಲ್ಲೆದ್ದಿತು. ರೋಗ ನಿಜವಾದರೆ ಹೊಂಡಕ್ಕೆ ಬ್ಲೀಚಿಂಗ್ ಪುಡಿ ಸುರಿದು ಮೀನನ್ನೆಲ್ಲ ಹೂಳಲೇಬೇಕೆಂದು ಊರವರು ಪಟ್ಟು ಹಿಡಿದರು. ಮ್ಯಾಡಮ್ ಆರು ಮೀನುಗಳನ್ನು ಕಾಲೇಜಿಗೆ ತಂದರು. ಹೊಂಡದ ರಾಡಿ ನೀರೇಕೆ ಪಾಪ ಎಂದು, ತಮ್ಮ ಮನೆಯಲ್ಲಿ ಕುಡಿಯುವಂತೆಯೇ ಸೋಸಿ ಕಾಯಿಸಿ ಆರಿಸಿದ ನೀರನ್ನು ಕ್ಯಾನಿನ ಕಂಠದವರೆಗೆ ತುಂಬಿ, ಜಿಗಿಯದಂತೆ ಮುಚ್ಚಳ ಬಿಗಿದಿದ್ದರು. ಮಧ್ಯಾಹ್ನ ರಕ್ತ ನೋಡಿದರೆ ಕೆಂಪು ಕಣ, ಹಿಮೋಗ್ಲೋಬಿನ್, ಸಕ್ಕರೆ ಎಲ್ಲವೂ ಏರಿದ್ದವು. ಮೀನು ಆರೋಗ್ಯವಾಗಿಲ್ಲವೆಂದು ಸತ್ತಿಗೆ ಬರೆದು ಕಳಿಸಿಬಿಟ್ಟರು.

ಮರುದಿನ ಬೆಳಿಗ್ಗೆ ಕ್ಯಾನು ತೊಳೆಯುತ್ತಿದ್ದ ಪ್ರಯೋಗಾಲಯದ ಸಹಾಯಕ ಲಕ್ಷ್ಮಣ ಕೇಳಿದ: "ಮ್ಯಾಡಮ್ರ, ಕಾಸಿದ ನೀರಾಗ ಮೀನಕ್ಕ ಉಸುರ ಎಲ್ಲಿಂದ ಬರಬೇಕ್ರಿ? ನೀವ ಕ್ಲಾಸಿನ್ಯಾಗ ಹೇಳಿದ್ರೆಲ್ಲಾ?"

ಉಸಿರು ಸಾಲದಾದಾಗಲೂ ಮೀನಿನ ರಕ್ತದಲ್ಲಿ ಇವೆಲ್ಲ ಏರುತ್ತವೆಂಬುದು ಅವರಿಗೆ ಥಟ್ಟನೆ ಹೊಳೆಯಿತು. ಉಸಿರುಗಟ್ಟಿದ್ದು ಹೊಂಡದಲ್ಲಲ್ಲ, ಮೇಲೆ ಗಾಳಿಗೂ ಜಾಗವಿಲ್ಲದ ತಮ್ಮ ಕ್ಯಾನಿನಲ್ಲಿ! ತಾರವ್ವನಿಗೆ ಫೋನು ಹತ್ತಲಿಲ್ಲ. ಸೂಕ್ಷ್ಮದರ್ಶಕವನ್ನು ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಸತ್ತಿ ಮುಟ್ಟಿದಾಗ ಪುಡಿಯ ಚೀಲದ ಬಾಯಿ ಬಿಚ್ಚಿಯಾಗಿತ್ತು. "ನಿಲ್ರಿ! ಎರಡ ತಾಸ ನಿಲ್ರಿ!" ಎಂದು ಕೂಗುತ್ತಲೇ ಇಳಿದ ಮ್ಯಾಡಮ್, ಬಲೆಯಿಂದ ಬಂದ ಮೀನಿನ ರಕ್ತವನ್ನು ದಂಡೆಯಲ್ಲೇ ತೆಗೆದು ಎಣಿಸಿದರು. ಒಂದು, ಎರಡು, ಎಂಟು ಮೀನು. ಕೆಂಪು ಕಣವೂ ಬಿಳಿ ಕಣವೂ ಅಳತೆಯಲ್ಲೇ ಇದ್ದವು.

ಎದ್ದು ನಿಂತು ಇಡೀ ಊರೆದುರು ಹೇಳಿದರು: "ತಪ್ಪು ನಂದರಿ. ಮೀನಕ್ಕ ಏನೂ ಆಗಿಲ್ಲ. ಮ್ಯಾಲ ಬಂದ ಗಾಳಿ ಕುಡಿಯೂದ ಮಾಗೂರದ ಸ್ವಭಾವ."

ತಾರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಇಷ್ಟ ಓದಿದವರು ಊರ ಮುಂದ ತಪ್ಪಂದ್ರಿ. ಇನ್ನ ನಿಮ್ಮ ಮಾತ ಖರೇರಿ" ಎಂದಳು. ಅಂದಿನಿಂದ ಮ್ಯಾಡಮ್ ರಕ್ತ ತೆಗೆಯುವುದು ಹೊಂಡದ ದಂಡೆಯಲ್ಲೇ. ಜುಗೂಳದಿಂದ ಚಿಕ್ಕೋಡಿಯವರೆಗೆ ಅವರ ವಿದ್ಯಾರ್ಥಿಗಳು ನಡೆಸುತ್ತಿರುವುದೂ ಇದೇ ಪದ್ಧತಿ; ಪ್ರತಿ ವರ್ಷ ಮೊದಲ ಪಾಠದಲ್ಲಿ ಅವರಿಗೆ ಸಿಗುವುದು ಈ ತಪ್ಪಿನ ಕಥೆಯೇ.

ಈ ತಿಂಗಳು ನಿವೃತ್ತರಾಗುತ್ತಿರುವ ಮ್ಯಾಡಮ್ಮರಿಗೆ ಆಯುರಾರೋಗ್ಯ ತುಂಬಿರಲಿ, ಕೈಯ ಸೂಜಿ ನಡುಗದಿರಲಿ ಎಂದು ಹಾರೈಸುತ್ತೇವೆ. ವಿಶ್ರಾಂತಿಯನ್ನೂ ಹಾರೈಸುವವರಿದ್ದೆವು. ಬೀಳ್ಕೊಡುಗೆಯ ಆಮಂತ್ರಣ ಕೊಡಲು ಹೋದಾಗ ತಾರವ್ವ ಅದಕ್ಕೆ ಅವಕಾಶ ಕೊಡಲಿಲ್ಲ: "ರಿಟಾಯರ್ ಆಗೂದು ನಿಮ್ಮ ಕಾಲೇಜಿನ್ಯಾಗ. ಸೋಮವಾರ ಹೊಸ ಮರಿ ಬಿಡಾಕತ್ತೇನಿ, ಮ್ಯಾಡಮ್ರಿಗೆ ಬರಾಕ ಹೇಳ್ರಿ."